ಎಂಬತ್ತಮೂರು ಗಂಟಿನ ಕೌದಿ

ನಮ್ಮ ಲೂಥರನ್ ಸಭೆ, ಎಂದರೆ ಮಾರ್ಟಿನ್ ಲೂಥರನ ಹಾದಿಯ ಪ್ರೊಟೆಸ್ಟಂಟ್ ಕ್ರೈಸ್ತರ ಸಭೆ, ಚಿಕ್ಕದು. ಅಮೆರಿಕದ ಮಿನೆಸೋಟದಲ್ಲಿ, ಜೋಳ-ಸೋಯಾ ಹೊಲಗಳ ನಡುವಿನ ಊರು. ಭಾನುವಾರದ ಆರಾಧನೆಗೆ ನಲವತ್ತು ಜನ ಬಂದರೆ ಹೆಚ್ಚು, ಅವರಲ್ಲಿ ಅರ್ಧದಷ್ಟು ಮಂದಿ ಎಪ್ಪತ್ತು ದಾಟಿದವರು. ಗುರುವಾರ ಬೆಳಿಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ಎಂಟು-ಹತ್ತು ಜನ ಕೂತು ವರ್ಷಕ್ಕೆ ಅರವತ್ತರ ಆಸುಪಾಸು ಕ್ವಿಲ್ಟ್ ಮಾಡುತ್ತೇವೆ. ಅವೆಲ್ಲ ಲೂಥರನ್ ವರ್ಲ್ಡ್ ರಿಲೀಫ್‌ಗೆ ಹೋಗುತ್ತವೆ. ಎರಡನೇ ಮಹಾಯುದ್ಧದಲ್ಲಿ ನೊಂದ ಯೂರೋಪಿಗೆ ನೆರವಾಗಲು ಇಲ್ಲಿನ ಲೂಥರನ್ನರು 1945ರಲ್ಲಿ ಕಟ್ಟಿದ ಸಂಸ್ಥೆ ಅದು. ಈಗ ಯುದ್ಧ, ನೆರೆ, ಭೂಕಂಪದಲ್ಲಿ ಮನೆ ಬಿಟ್ಟವರಿಗೆ ಹಲವು ದೇಶಗಳಲ್ಲಿ ಹಂಚುತ್ತದೆ.

ಉತ್ತರ ಕರ್ನಾಟಕದವರಿಗೆ ಕ್ವಿಲ್ಟ್ ಎಂದರೇನು ಅಂತ ಹೇಳಬೇಕಿಲ್ಲ, ಅದು ಕೌದಿಯ ದಾಯಾದಿ, ಬಟ್ಟೆಯ ತುಂಡು ಜೋಡಿಸಿ ಪದರ ಪದರವಾಗಿ ಮಾಡಿದ ಹೊದಿಕೆ. ಕೌದಿಗೂ, ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಗೂ ಜೀವ ಇರುವುದು ಒತ್ತೊತ್ತಾದ ಕೈಹೊಲಿಗೆಯಲ್ಲಿ. ಒಂದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ಕ್ವಿಲ್ಟಿನ ಪದರಗಳನ್ನು ಹೊಲಿಯುವುದಿಲ್ಲ, ಗಂಟು ಹಾಕಿ ಹಿಡಿಸುತ್ತೇವೆ. ನೋಡಲು ಕೌದಿಯಷ್ಟು ಚೆಂದವಲ್ಲ. ಆದರೆ ಹೊಲಿಗೆ ಬಾರದವರೂ ಗಂಟು ಕಟ್ಟಬಲ್ಲರು. ಚಿಕ್ಕ ಸಭೆಯಲ್ಲಿ ಈ ಕೆಲಸ ನಿಂತಿರುವುದೇ ಆ ಗಂಟಿನ ಮೇಲೆ.

ಅಳತೆ 60×80 ಅಂಗುಲ. 10½ ಅಂಗುಲದ ಚೌಕ 48 ಬೇಕು, ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು. ಹೊಲಿಗೆಗೆ ಸುತ್ತಲೂ ಕಾಲು ಅಂಗುಲ ಬಿಟ್ಟರೆ ಚೌಕ ಹತ್ತಕ್ಕೆ ನಿಲ್ಲುತ್ತದೆ. ಕಾಲು ಅಂಗುಲ ಎಂದರೆ ಕಾಲು ಅಂಗುಲವೇ. ಮೂರು ಎಂಟಾಂಶ ಹಿಡಿದರೆ ಒಂದೊಂದು ಹೊಲಿಗೆಯಲ್ಲಿ ಕಾಲು ಅಂಗುಲ ನುಂಗಿಹೋಗುತ್ತದೆ. ಅಗಲದ ಐದು ಹೊಲಿಗೆಗೆ ಒಂದೂಕಾಲು, ಉದ್ದದ ಏಳು ಹೊಲಿಗೆಗೆ ಒಂದೂಮುಕ್ಕಾಲು ಅಂಗುಲ ಹೋಯಿತು. ಕಿರಿದು ಮಾಡಿದರೆ ಇನ್ನೂ ಕೆಟ್ಟದ್ದು, ಎರಡು ಸಲ ಒಗೆಯುವಷ್ಟರಲ್ಲಿ ಎಳೆ ಬಿಟ್ಟು ಬಾಯಿ ತೆರೆಯುತ್ತದೆ. ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಅಂಗುಲಕ್ಕೆ ದಪ್ಪ ಬಣ್ಣದ ಟೇಪ್ ಅಂಟಿಸಿದರೆ ಕಣ್ಣು ಮಂಜಾದವರೂ ಸರಿಯಾಗಿ ಹೊಲಿಯುತ್ತಾರೆ. ಹೊಲಿಗೆಯ ಅಂಚನ್ನು ಇಸ್ತ್ರಿಯಲ್ಲಿ ಎರಡೂ ಕಡೆ ಬಿಡಿಸದೆ ಒಂದೇ ಕಡೆಗೆ ಮಡಿಸಿ, ಅದು ಗಟ್ಟಿ. ಒಂದು ಸಾಲು ಎಡಕ್ಕೆ, ಮುಂದಿನ ಸಾಲು ಬಲಕ್ಕೆ ಮಡಿಸಿದರೆ ಮೂಲೆ ಕೂಡುವಲ್ಲಿ ದಪ್ಪ ಗುಡ್ಡೆಯಾಗುವುದಿಲ್ಲ.

ಬಟ್ಟೆ ಹೆಚ್ಚಾಗಿ ದಾನದ್ದು. ಎಲ್ಲವನ್ನೂ ಮೊದಲು ಬಿಸಿನೀರಲ್ಲಿ ಒಗೆಯುತ್ತೇವೆ. ಕಡುಗೆಂಪು, ಕಡುನೀಲಿ ಬಣ್ಣ ಬಿಡುತ್ತವೆ, ಆ ಪಾಡು ನಮ್ಮಲ್ಲೇ ಆಗಿಹೋಗಲಿ. ಟೀ-ಶರ್ಟಿನ ಬಟ್ಟೆ ಬೇಡ, ಜಗ್ಗುತ್ತದೆ. ಜೀನ್ಸ್ ಬಟ್ಟೆಯ ಪಕ್ಕ ತೆಳು ಹತ್ತಿ ಇಟ್ಟರೆ ಹತ್ತಿ ಹರಿಯುತ್ತದೆ, ಆದ್ದರಿಂದ ಒಂದು ಕ್ವಿಲ್ಟಿನಲ್ಲಿ ಒಂದೇ ತೂಕದ ಬಟ್ಟೆ. ಬಾವುಟ, ಸೈನಿಕರ ಸಮವಸ್ತ್ರದ ಚಿತ್ತಾರ, ಶಿಲುಬೆ ಸೇರಿ ಯಾವ ಧರ್ಮದ ಗುರುತೂ ಇರಬಾರದು. ಯುದ್ಧದ ಜಾಗದಲ್ಲಿ ಹೊದ್ದವರಿಗೆ ಅದರಿಂದಲೇ ಅಪಾಯ ಬರಬಹುದು. ಬೀಡಿ-ಸಿಗರೇಟಿನ ವಾಸನೆ, ಬೆಕ್ಕಿನ ಕೂದಲು ಒಗೆದರೂ ಹೋಗದಿದ್ದರೆ ಬಟ್ಟೆಯನ್ನು ಒರೆಸಲು ಇಟ್ಟುಕೊಳ್ಳುತ್ತೇವೆ. ನಮಗೆ ಹೊದೆಯಲು ಮನಸ್ಸಾಗದ್ದನ್ನು ಇನ್ನೊಬ್ಬರಿಗೆ ಕೊಡುವುದು ಸೇವೆಯಲ್ಲ.

ಹಿಂಬದಿಗೆ ಹಾಸಿಗೆಯ ಶೀಟು ಸರಿ. 64×84 ಬೇಕು, ಎಂದರೆ ಸುತ್ತಲೂ ಎರಡೆರಡು ಅಂಗುಲ ಹೆಚ್ಚು. ಟ್ವಿನ್ ಅಳತೆಯ, ಎಂದರೆ ಒಬ್ಬರು ಮಲಗುವ ಮಂಚದ, ಮೇಲ್ಹೊದಿಕೆ ಶೀಟು 66×96 ಇರುತ್ತದೆ, ಒಂದರಲ್ಲಿ ಒಂದು ಹಿಂಬದಿ ಕಷ್ಟಪಟ್ಟು ಸಿಗುತ್ತದೆ. ಮೂಲೆಗೆ ಎಲಾಸ್ಟಿಕ್ ಇರುವ ಶೀಟು ಸಾಲದು, ಅದನ್ನು ಚೌಕಕ್ಕೆ ಕತ್ತರಿಸಿ. ಬಣ್ಣ ಸ್ವಲ್ಪ ಗಾಢವಾಗಿರಲಿ, ಮಣ್ಣಿನ ನೆಲದ ಮೇಲೆ ಹಾಸುವವರು ಬಹಳ. ನಡುವಿನ ಪದರಕ್ಕೆ ಪಾಲಿಯೆಸ್ಟರ್ ಬ್ಯಾಟಿಂಗ್ (ಹತ್ತಿಯಂಥ ಮೆತ್ತನೆಯ ಹಾಳೆ), ಇಲ್ಲವೇ ತೆಳುವಾದ ಹಳೆ ಕಂಬಳಿ. ಫೋಮು, ಗರಿ ತುಂಬಿದ್ದು, ವಿದ್ಯುತ್ ಕಂಬಳಿ ಕೂಡದು. ಮುಗಿದ ಕ್ವಿಲ್ಟ್ ನಮ್ಮ ತಕ್ಕಡಿಯಲ್ಲಿ ನಾಲ್ಕೈದು ಪೌಂಡ್ ತೂಗುತ್ತದೆ, ಎಂದರೆ ಸುಮಾರು ಎರಡು ಕಿಲೊ. ಅದಕ್ಕಿಂತ ಭಾರವಾದರೆ ಒಗೆದು ಒಣಗಿಸುವುದು ಹೆಂಗಸಿನ ಸೊಂಟಕ್ಕೆ ಕಷ್ಟ.

ಚರ್ಚಿನ ಮಡಿಸುವ ಮೇಜು ಎಂಟಡಿ ಉದ್ದ, 30 ಅಂಗುಲ ಅಗಲ. ಎರಡು ಜೋಡಿಸಿದರೆ ಅಗಲ ಕರಾರುವಾಕ್ಕಾಗಿ 60. ಮೇಜಿನ ಅಂಚೇ ನಮ್ಮ ಅಳತೆಗೋಲು. ಹಿಂಬದಿಯನ್ನು ಬೋರಲಾಗಿ ಹಾಸಿ, ಎರಡೂ ಪಕ್ಕ ಎರಡೆರಡು ಅಂಗುಲ ಇಳಿಬಿಟ್ಟು, ಕಾಗದ ಹಿಡಿಸುವ ದೊಡ್ಡ ಕ್ಲಿಪ್ಪಿನಿಂದ ಮೇಜಿಗೆ ಬಿಗಿಯಬೇಕು. ನಗಾರಿಯಷ್ಟು ಬಿಗಿ ಬೇಡ, ಸುಕ್ಕಿಲ್ಲದಿದ್ದರೆ ಸಾಕು. ಅತಿಯಾಗಿ ಎಳೆದರೆ ಕ್ಲಿಪ್ ತೆಗೆದ ಮೇಲೆ ಹಿಂಬದಿ ಕುಗ್ಗಿ ಮೇಲ್ಬದಿ ಉಬ್ಬುತ್ತದೆ. ಅದರ ಮೇಲೆ ಬ್ಯಾಟಿಂಗ್, ಆಮೇಲೆ ಚೌಕದ ಮೇಲ್ಬದಿ.

ಈಗ ಗಂಟು. ಪ್ರತಿ ಚೌಕದ ನಡುವೆ ಒಂದು, ನಾಲ್ಕು ಚೌಕ ಕೂಡುವ ಪ್ರತಿ ಮೂಲೆಯಲ್ಲಿ ಒಂದು. 48 ಮತ್ತು 35, ಒಟ್ಟು 83. ಹೀಗೆ ಹಾಕಿದರೆ ಒಂದು ಗಂಟಿಂದ ಹತ್ತಿರದ ಗಂಟಿಗೆ ಏಳು ಅಂಗುಲ ದೂರ. ಅದಕ್ಕಿಂತ ವಿರಳವಾದರೆ ಒಗೆದಾಗ ಬ್ಯಾಟಿಂಗ್ ಮುದ್ದೆಯಾಗಿ ಒಂದು ಮೂಲೆಗೆ ಸರಿಯುತ್ತದೆ. ನಡುಭಾಗದಿಂದ ಶುರುಮಾಡಿ ಅಂಚಿಗೆ ಬರಬೇಕು. ಅಂಚಿಂದ ಒಳಗೆ ಬಂದರೆ ಹೆಚ್ಚುವರಿ ಬಟ್ಟೆಯೆಲ್ಲ ನಡುವೆ ಗುಳ್ಳೆಯಾಗಿ ನಿಲ್ಲುತ್ತದೆ, ಬಿಚ್ಚದೆ ಬೇರೆ ದಾರಿಯಿಲ್ಲ.

ಹತ್ತನೇ ನಂಬರಿನ ಕ್ರೋಶಾ ಹತ್ತಿನೂಲು ಎರಡೆಳೆ, ಕುರ್ಚಿಯ ಮೆತ್ತೆ ಹೊಲಿಯುವ ಬಾಗಿದ ಸೂಜಿ. ನೇರ ಸೂಜಿ ಮೇಜಿಗೆ ತಾಗಿ ಮೊಂಡಾಗುತ್ತದೆ. ಉಣ್ಣೆ ನೂಲು ಒಗೆದಾಗ ಕುಗ್ಗುತ್ತದೆ, ನುಣುಪಾದ ಅಕ್ರಿಲಿಕ್‌ನಲ್ಲಿ ಗಂಟು ಜಾರುತ್ತದೆ. ಪ್ರತಿ ಗುರುತಿನಲ್ಲೂ ಕಾಲು ಅಂಗುಲದ ಒಂದು ಹೊಲಿಗೆ ಹಾಕಿ, ನೂಲು ಕತ್ತರಿಸದೆ ಮುಂದಿನ ಗುರುತಿಗೆ ಹೋಗಿ. ಆದರೆ ನೇರ ಸಾಲಿನಲ್ಲಲ್ಲ. ನಡುವಿಂದ ಮೂಲೆಗೆ, ಮೂಲೆಯಿಂದ ಮುಂದಿನ ನಡುವಿಗೆ, ಓರೆಯಾಗಿ ಹಾವಿನಂತೆ. ನೇರ ಹೋದರೆ ನಡುವೆ ಹತ್ತು ಅಂಗುಲ ನೂಲು ಬೀಳುತ್ತದೆ, ಓರೆಯಲ್ಲಿ ಏಳೇ. ಲೆಕ್ಕ ಹಾಕಿದರೆ ಒಂದು ಕ್ವಿಲ್ಟಿಗೆ 35 ಗಜದೊಳಗೆ ಮುಗಿಯುತ್ತದೆ. ಆಮೇಲೆ ಇನ್ನೊಬ್ಬರು ಬಂದು ನಡುನಡುವೆ ಕತ್ತರಿಸಿ ಕಟ್ಟುತ್ತಾರೆ: ಬಲದ ಎಳೆ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಬಲವನ್ನೇ ಮೇಲೆ ತಂದರೆ ಅದು ಜಾರುಗಂಟು, ಮೊದಲ ಒಗೆತಕ್ಕೇ ಬಿಚ್ಚುತ್ತದೆ. ತುದಿ ಮುಕ್ಕಾಲಿಂದ ಒಂದು ಅಂಗುಲ ಉಳಿಸಿ. ಬೆರಳು ನೋಯುವವರಿಗೆ ಸೂಜಿ ಎಳೆಯಲು ಒಡೆದ ಬಲೂನಿನ ತುಂಡು ಕೊಡಿ, ಚೆನ್ನಾಗಿ ಹಿಡಿತ ಸಿಗುತ್ತದೆ.

ಮುಗಿದ ಮೇಲೆ ತಿರುವಿ ಹಾಕಿ ಹಿಂಬದಿಯ ಚುಕ್ಕೆ ಎಣಿಸಬೇಕು. 83 ಇರಬೇಕು. 79 ಬಂದರೆ ನಾಲ್ಕು ಕಡೆ ಸೂಜಿ ಬ್ಯಾಟಿಂಗಿನವರೆಗೆ ಮಾತ್ರ ಹೋಗಿದೆ ಎಂದರ್ಥ. ಮೇಲಿನಿಂದ ಇದು ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ.

ಅಂಚಿಗೆ, ಉಳಿದ ಎರಡಂಗುಲ ಹಿಂಬದಿಯನ್ನು ಅರ್ಧ ಮಡಿಸಿ, ಮತ್ತೆ ಮೇಲಕ್ಕೆ ಮಡಿಸಿ ಯಂತ್ರದಲ್ಲಿ ಹೊಲಿಗೆ. ಮೊದಲು ಉದ್ದದ ಬದಿ, ಆಮೇಲೆ ಅಗಲದ್ದು. ಬೇರೆ ಪಟ್ಟಿ ಬೇಡ.

ಗಂಟು ಕಟ್ಟುವ ಮೇಜಿಗೆ ದೃಢೀಕರಣ ತರಗತಿಯ (ಸಭೆಯ ನಂಬಿಕೆಯನ್ನು ತಾವೇ ಒಪ್ಪಿ ಹೇಳಲು ತಯಾರಾಗುವ) ಮಕ್ಕಳನ್ನು ತಿಂಗಳಿಗೊಂದು ಸಲ ಕರೆತರುತ್ತೇವೆ. ಲೂಥರ್ 1529ರಲ್ಲಿ ಬರೆದ 'ಕಿರು ಧರ್ಮೋಪದೇಶ' ಪುಸ್ತಕದಲ್ಲಿ, ಯೇಸು ಕಲಿಸಿದ ಪ್ರಾರ್ಥನೆಯ 'ಅನುದಿನದ ಆಹಾರ' ಎಂಬ ಮಾತಿನ ಅರ್ಥ ಹೇಳುವಾಗ ಊಟದ ಜೊತೆಗೆ ಬಟ್ಟೆ, ಪಾದರಕ್ಷೆ, ಮನೆಯನ್ನೂ ಸೇರಿಸಿದ್ದಾನೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿರುತ್ತಾರೆ. ಎಪ್ಪತ್ತೆಂಟರ ಅಜ್ಜಿ ಎದುರು ಕೂತು ಗಂಟು ತಿದ್ದುವಾಗ ಆ ಪಾಠ ಕೈಗೆ ಬರುತ್ತದೆ. ಇಬ್ಬರು ಮಕ್ಕಳ ನಡುವೆ ಒಬ್ಬ ಹಿರಿಯರನ್ನು ಕೂರಿಸಿ. ಮಕ್ಕಳನ್ನೇ ಒಟ್ಟಿಗೆ ಕೂರಿಸಿದರೆ ಜಾರುಗಂಟು ಹೆಚ್ಚುತ್ತದೆ.

ಮನೆಬಿಟ್ಟು ಬರಲಾಗದವರಿಗೆ ಕೆಲಸವನ್ನೇ ಕಳಿಸುತ್ತೇವೆ. ಆರು ಚೌಕದ ಎಂಟು ಕಟ್ಟು, ಹೊಲಿಯುವ ಕ್ರಮದಲ್ಲೇ ಪಿನ್ ಮಾಡಿ ಒಂದು ಚೀಲ. ಸಭಾಪಾಲಕರು ಕರ್ತನ ಭೋಜನ (ಆರಾಧನೆಯ ರೊಟ್ಟಿ, ದ್ರಾಕ್ಷಾರಸ) ಕೊಡಲು ಹೋಗುವಾಗ ಚೀಲ ಜೊತೆಗೆ ಹೋಗುತ್ತದೆ, ಎರಡು ವಾರ ಬಿಟ್ಟು ನಮ್ಮಲ್ಲೊಬ್ಬರು ತರಲು ಹೋಗುತ್ತೇವೆ. ಸುಮ್ಮನೆ 'ನೋಡಿಕೊಂಡು ಹೋಗೋಣ ಅಂತ ಬಂದೆ' ಎಂದರೆ ಸಂಕೋಚಪಡುವವರು ಚೀಲ ತರಲು ಬಂದವರನ್ನು ಕೂರಿಸಿ ಕಾಫಿ ಕೊಡುತ್ತಾರೆ. ಹೊಲಿಗೆ ಕಿರಿದಾಗಿದ್ದರೆ ಅವರೆದುರು ಮಾತಾಡದೆ ತಂದು, ಅದರ ಒಳಗಡೆ ಕಾಲು ಅಂಗುಲಕ್ಕೆ ಇನ್ನೊಂದು ಸಾಲು ಹೊಲಿಯಿರಿ.

ಕಳಿಸುವ ಮುಂಚಿನ ಭಾನುವಾರ ಎಲ್ಲವನ್ನೂ ಚರ್ಚಿನ ಬೆಂಚುಗಳ ಬೆನ್ನಿಗೆ ಹಾಸುತ್ತೇವೆ. ಸಭಾಪಾಲಕರು ಹೊದೆಯುವವರಿಗಾಗಿ ಪ್ರಾರ್ಥಿಸುವಾಗ ಎಲ್ಲರೂ ತಮ್ಮ ಮುಂದಿನ ಕ್ವಿಲ್ಟಿನ ಮೇಲೆ ಕೈಯಿಡುತ್ತಾರೆ. ಒಂದು ಗಂಟೆ ಒರಗಿ ಕೂತವರ ಕೈಗೆ ಸಡಿಲ ಗಂಟುಗಳೂ ಸಿಗುತ್ತವೆ, ಅಲ್ಲಿಗೆ ಸೇಫ್ಟಿ ಪಿನ್ ಚುಚ್ಚಿ ಇಡಿ ಎಂದು ಮೊದಲೇ ಹೇಳಿರುತ್ತೇವೆ.

ಸೋಮವಾರ ಆ ಗಂಟುಗಳ ರಿಪೇರಿ, ಆಮೇಲೆ ಪ್ಯಾಕಿಂಗ್. ನೆಲಮಾಳಿಗೆಯ ತೇವದ ದಿನ ಬೇಡ. ಒಂದು ಹಸಿ ಕ್ವಿಲ್ಟ್ ಇಡೀ ಪೆಟ್ಟಿಗೆಗೆ ಬೂಷ್ಟು ಹಿಡಿಸುತ್ತದೆ. ಒಬ್ಬರೇ ಎತ್ತಬಹುದಾದ, ತೂತಿಲ್ಲದ ಗಟ್ಟಿ ಪೆಟ್ಟಿಗೆ, ಹೊರಗೆ ಎಷ್ಟಿವೆ ಎಂಬ ಸಂಖ್ಯೆ. ಸಾಗಣೆಯ ಖರ್ಚಿಗೆ ಸಭೆಯ ಕಾಣಿಕೆಯಲ್ಲಿ ಬೇರೆ ಹಣ ತೆಗೆದಿಡಬೇಕು, ಇದನ್ನು ಮರೆಯುವ ಸಭೆಗಳು ಬಹಳ. ಪೆಟ್ಟಿಗೆಗೆ ಹಾಕುವ ಮುನ್ನ ಪ್ರತಿ ಕ್ವಿಲ್ಟಿನ ಎರಡೂ ಬದಿಗೆ ದೊಡ್ಡ ಅಯಸ್ಕಾಂತ ಆಡಿಸುತ್ತೇವೆ, ಸೂಜಿಡಬ್ಬಿಯ ಸೂಜಿಗಳನ್ನು ಎಣಿಸುತ್ತೇವೆ. ಎಣಿಕೆ ಒಂದು ಕಡಿಮೆಯಾದರೂ ಅದು ಸಿಗುವವರೆಗೆ ಪೆಟ್ಟಿಗೆ ಮುಚ್ಚುವುದಿಲ್ಲ, ಅದರ ಮೇಲೆ ಮಗು ಮಲಗುತ್ತದೆ.