ದಸರಾ ರಜೆಗೆ ಮುಂಚೆ ನಾವು ತಂದ ನಾಲ್ಕು ಪುಟ

2025ರ ಮೇನಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ನಮ್ಮ ಕಲಬುರಗಿ ಜಿಲ್ಲೆ ಶೇ 42.43 ಪಡೆದು ರಾಜ್ಯಕ್ಕೇ ಕೊನೆಯದಾಗಿತ್ತು. ಅದರ ಹಿಂದಿನ ವರ್ಷ ಆ ಜಾಗದಲ್ಲಿ ಪಕ್ಕದ ಯಾದಗಿರಿ ಇತ್ತು. ಪೇಪರು, ಟಿವಿಯಲ್ಲಿ ನಮ್ಮ ಕಡೆಯ ಶಾಲೆಗಳ ಸುದ್ದಿ ಬರುವುದು ಹೆಚ್ಚೂಕಮ್ಮಿ ಆ ಒಂದು ದಿನ. ಉಳಿದ ದಿನ ಶಾಲೆಯೊಳಗೆ ಏನು ನಡೆಯುತ್ತದೆ ಅಂತ ಊರಿನವರಿಗೇ ಗೊತ್ತಿರುವುದಿಲ್ಲ.

ನಾನು ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪಾಲಕರ ಸಭೆ ಕರೆದರೆ ಬರುವವರು ಕಡಿಮೆ. ಬೈದು ಉಪಯೋಗವಿಲ್ಲ. ಆಗಸ್ಟ್, ಸೆಪ್ಟೆಂಬರ್ ಅಂದರೆ ಹೆಸರುಕಾಳು, ಉದ್ದಿನ ರಾಶಿಯ (ಒಕ್ಕಣೆಯ) ಕಾಲ. ಕೆಲವರು ಪುಣೆ, ಮುಂಬೈ, ಹೈದರಾಬಾದ್ ಕಡೆ ದುಡಿಯಲು ಹೋಗಿರುತ್ತಾರೆ. ಮಕ್ಕಳು ಆಯಿ, ಮುತ್ಯಾ ಅಂದರೆ ಅಜ್ಜಿ, ಅಜ್ಜನ ಹತ್ತಿರ ಇರುತ್ತಾರೆ. ಹಾಗಾಗಿ ಮೊದಲ ಅವಧಿ ಮುಗಿಯುವಾಗ ಶಾಲೆಯ ಸುದ್ದಿಯನ್ನೇ ಒಂದು ಹಾಳೆಯಲ್ಲಿ ಬರೆದು ಮನೆಗೆ ಕಳಿಸೋಣ ಅಂದುಕೊಂಡೆವು.

ಶುರುವಿನಲ್ಲೇ ಒಂದು ಮಾತು ಗಟ್ಟಿ ಮಾಡಿಕೊಂಡೆವು. ಇದು ಮೇಲಿನವರಿಗೆ ತೋರಿಸುವ ವರದಿ ಅಲ್ಲ. ಮನೆಯಲ್ಲಿ ಮಗು ಜೋರಾಗಿ ಓದುತ್ತದೆ, ದೊಡ್ಡವರು ರೊಟ್ಟಿ ಬಡಿಯುತ್ತಲೋ ಕಟ್ಟೆ ಮೇಲೆ ಕೂತೋ ಕೇಳುತ್ತಾರೆ. ಕೇಳಿದರೆ ತಲೆಗೆ ಹೋಗುವಂತಿರಬೇಕು. ಇಷ್ಟು ತೀರ್ಮಾನ ಆದ ಮೇಲೆ ಬಹಳ ಗೊಂದಲ ತಾನೇ ಕಡಿಮೆಯಾಯಿತು. ‘ಕಾರ್ಯಕ್ರಮ ಅದ್ದೂರಿಯಾಗಿ ನೆರವೇರಿತು’ ಅನ್ನುವ ಸಾಲು ಹೋಯಿತು. ‘ಅಧ್ಯಕ್ಷತೆ ವಹಿಸಿದ್ದರು, ವೇದಿಕೆ ಮೇಲೆ ಉಪಸ್ಥಿತರಿದ್ದರು’ ಅನ್ನುವ ಉದ್ದದ ಹೆಸರಿನ ಪಟ್ಟಿಯೂ ಹೋಯಿತು. ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಹಿರಿಯರೊಬ್ಬರು ‘ನಮ್ಮ ಹೆಸರು ಬ್ಯಾಡೇನ್ರಿ ಸರ್’ ಅಂತ ನಗುತ್ತಲೇ ಕೇಳಿದರು. ಅವರು ಮುಂದೆ ನಿಂತು ನೀರಿನ ಟ್ಯಾಂಕ್ ರಿಪೇರಿ ಮಾಡಿಸಿದ್ದರು. ಆ ಸುದ್ದಿಯ ಒಳಗೆ ಅವರ ಹೆಸರು ಬಂತು. ಕೆಲಸದ ಜೊತೆ ಹೆಸರು ಬಂದರೆ ಯಾರಿಗೂ ಬೇಸರವಿಲ್ಲ, ಅಲ್ವಾ?

ಬರೆಯುವ ಕೆಲಸ ಪೂರ್ತಿ ಮಕ್ಕಳದ್ದು. ಎಂಟು, ಒಂಬತ್ತನೇ ತರಗತಿಯವರು ಸುದ್ದಿ ತರಬೇಕು, ಹತ್ತನೆಯವರು ತಿದ್ದಬೇಕು. ನಾನು ಕೊನೆಗೆ ಒಮ್ಮೆ ನೋಡುವುದು. ಖೋಖೋ ತಂಡ ತಾಲ್ಲೂಕು ಮಟ್ಟಕ್ಕೆ ಹೋಗಿ ಸೋತು ಬಂದಿತ್ತು. ಅದನ್ನು ಬರೆಯಲು ಕೂತ ಹುಡುಗಿ ಮೊದಲು ‘ನಮ್ಮ ತಂಡ ಉತ್ತಮ ಪ್ರದರ್ಶನ ನೀಡಿತು’ ಅಂತ ಬರೆದಿದ್ದಳು. ಹಾಳೆ ವಾಪಸ್ ಕೊಟ್ಟು ‘ನೀನು ಅಲ್ಲೇ ಇದ್ದೆಯಲ್ಲ, ಏನಾಯ್ತು ಹೇಳು’ ಅಂದೆ. ಗ್ರೌಂಡಿನಲ್ಲಿ ಮಳೆ ನೀರು ನಿಂತಿತ್ತಂತೆ. ಕಂಬದ ಹತ್ತಿರ ಜಾರಿ ಇಬ್ಬರು ಬಿದ್ದರಂತೆ. ಗೆದ್ದ ಶಾಲೆಯ ಹುಡುಗಿಯರೇ ಬಂದು ಎಬ್ಬಿಸಿದರಂತೆ, ಆಮೇಲೆ ಎಲ್ಲರೂ ಸೇರಿ ಚುರುಮುರಿ ತಿಂದರಂತೆ. ‘ಇದನ್ನೇ ಬರಿ’ ಅಂದೆ. ಹಾಳೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಓದಿಸಿಕೊಂಡ ಸುದ್ದಿ ಅದು.

ಸೆಪ್ಟೆಂಬರ್ 17ರದ್ದು ನಮ್ಮ ಭಾಗದ ಸುದ್ದಿ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮನ ಆಳ್ವಿಕೆಯಲ್ಲಿದ್ದ ನಮಗೆ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಹಾಗಾಗಿ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಧ್ವಜ ಏರಿಸುತ್ತೇವೆ. 2019ರಿಂದ ಇದಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಅಂತ ಹೆಸರು. ಭಾಷಣದ ಸಾರಾಂಶ ಬೇಡ ಅಂದಿದ್ದೆ. ಬದಲಿಗೆ ಒಬ್ಬ ಹುಡುಗ ತನ್ನ ಓಣಿಯ ಮುತ್ಯಾನನ್ನು ಕೂರಿಸಿಕೊಂಡು ಮಾತಾಡಿಸಿದ. ನಿಜಾಮನ ಪರ ಇದ್ದ ಶಸ್ತ್ರಧಾರಿ ರಜಾಕಾರರು ಬರುತ್ತಾರೆ ಅಂದಾಗ ಊರವರು ಜೋಳದ ಹೊಲದಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದರು ಅಂತ ಮುತ್ಯಾ ತನ್ನ ಅಪ್ಪನಿಂದ ಕೇಳಿದ್ದನಂತೆ. ಆರೇಳು ಸಾಲು ಅಷ್ಟೇ. ಸಾಕು.

ಅಂಕ, ರ‍್ಯಾಂಕ್ ಯಾವುದನ್ನೂ ಹಾಳೆಯಲ್ಲಿ ಹಾಕಲಿಲ್ಲ. ಮೊದಲ ಅವಧಿಯ ಪರೀಕ್ಷೆ ಎಸ್‌ಎ-1ರ ಅಂಕ ಪ್ರಗತಿ ಪತ್ರದಲ್ಲಿ ಹೇಗೂ ಮನೆಗೆ ಹೋಗುತ್ತದೆ. ಎಲ್ಲರ ಕೈಗೆ ಹೋಗುವ ಹಾಳೆಯಲ್ಲಿ ಮೊದಲ ಮೂವರ ಹೆಸರು ಹಾಕಿದರೆ ಉಳಿದವರ ಮನೆಯಲ್ಲಿ ಅದನ್ನು ಯಾರು ಓದುತ್ತಾರೆ? ಅದರ ಬದಲು ಹಾಜರಿ ಪುಸ್ತಕ ಪಕ್ಕದಲ್ಲಿ ತೆರೆದಿಟ್ಟುಕೊಂಡೆವು. ಕರಡಿನಲ್ಲಿ ಯಾರ ಹೆಸರು ಬಂದಿದೆಯೋ ಅವರ ಮುಂದೆ ಪೆನ್ಸಿಲಿನಿಂದ ಟಿಕ್. ಟಿಕ್ ಬೀಳದವರು ಏನು ಮಾಡಿದ್ದಾರೆ ಅಂತ ಹುಡುಕಿದೆವು. ದಿನಾ ಗಂಟೆ ಹೊಡೆಯುವವನು ಒಬ್ಬ. ಬೇವಿನ ಗಿಡಕ್ಕೆ ನೀರು ಹಾಕುವವಳು ಒಬ್ಬಳು. ರಾಶಿ ಕೆಲಸಕ್ಕೆ ಹೋಗಿ ಶಾಲೆ ತಪ್ಪಿಸಿಕೊಂಡ ಒಬ್ಬ ಹುಡುಗ ಸಿಕ್ಕ. ಅವನಿಂದಲೇ ಆ ವರ್ಷ ಮಳೆಗೆ ಹೆಸರುಕಾಳಿನ ಬೆಳೆ ಹೇಗೆ ಕೆಟ್ಟಿತು ಅಂತ ಬರೆಸಿದೆವು. ಹೀಗೆ ಎಲ್ಲರ ಹೆಸರೂ ಒಮ್ಮೆಯಾದರೂ ಬಂತು. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಬಹಳ ಹೊತ್ತು ಹಿಡಿದದ್ದೂ ಇದೇ, ಬೆಲೆ ಬಾಳುವುದೂ ಇದೇ.

ಕೊನೆಯ ಪುಟ ಉಪಯೋಗಕ್ಕೆ ಬರುವ ಮಾಹಿತಿಗೆ. ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇರಲಿಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ರಜೆಯಲ್ಲೇ ಹೋಗಿ ಬನ್ನಿ, ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ ಅಂತ ದಪ್ಪ ಅಕ್ಷರದಲ್ಲಿ ಬರೆದೆವು. ಬಿಸಿಯೂಟದ ಜೊತೆ ವಾರಕ್ಕೆ 6 ದಿನ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಅಂತಲೂ ಹಾಕಿದೆವು.

ಇನ್ನು ತಯಾರಿ. ಕಂಪ್ಯೂಟರಿನಲ್ಲಿ ಟೈಪ್ ಮಾಡುವುದನ್ನು ಬಿಟ್ಟುಬಿಟ್ಟೆವು. ಹಳೇ ನುಡಿ ಫಾಂಟಿನಲ್ಲಿ ಹೊಡೆದ ಫೈಲ್ ಮೊಬೈಲಿನಲ್ಲಿ ತೆರೆದರೆ ಬರೀ ಗೀಚು ಕಾಣುತ್ತದೆ. ಅದಕ್ಕಿಂತ ಮಕ್ಕಳ ಕೈಬರಹವೇ ಚಂದ. ಎ3 ಹಾಳೆ ಮಡಚಿದರೆ ನಾಲ್ಕು ಪುಟ ಆಗುತ್ತದೆ. ಕಪ್ಪು ಪೆನ್ನಿನಲ್ಲೇ ಬರೆಯಬೇಕು. ನೀಲಿ ಪೆನ್ನು, ಪೆನ್ಸಿಲ್ ಝೆರಾಕ್ಸಿನಲ್ಲಿ ಮಸುಕಾಗುತ್ತವೆ. ಸುತ್ತ ಬೆರಳಿನಗಲ ಜಾಗ ಬಿಡಬೇಕು, ಇಲ್ಲವಾದರೆ ಮಷೀನು ಅಂಚಿನ ಅಕ್ಷರ ತಿಂದುಬಿಡುತ್ತದೆ. ಫೋಟೋ ಹಾಕಿದರೆ ಝೆರಾಕ್ಸಿನಲ್ಲಿ ಎಲ್ಲರ ಮುಖವೂ ಇದ್ದಿಲು. ಚಿತ್ರ ಬಿಡಿಸುವ ಮಕ್ಕಳಿಂದ ಗೆರೆಚಿತ್ರ ಮಾಡಿಸಿದೆವು. ಖರ್ಚನ್ನು ನಾವು ಶಿಕ್ಷಕರೇ ಹಂಚಿಕೊಂಡೆವು.

ಊರು ಬಿಟ್ಟು ದುಡಿಯುವ ಅಪ್ಪ, ಅವ್ವಂದಿರಿಗೆ ಹಾಳೆ ಹೇಗೆ ಮುಟ್ಟಬೇಕು? ಅಂಥವರ ಮಕ್ಕಳಿಂದ ತಮ್ಮ ಹೆಸರಿರುವ ಸುದ್ದಿಯನ್ನು ಓದಿಸಿ, ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆವು. ಉದ್ದ ಮಾಡಬಾರದು. ಕೆಲಸದ ನಡುವೆ ಕೇಳುವವರು ಅವರು. ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋದ ಒಬ್ಬರು ತಿರುಗಿ ಕಳಿಸಿದರು: ‘ಇನ್ನೊಮ್ಮೆ ಓದಿ ಕಳ್ಸು ಮಗಾ, ಅವಾಗ ಮಿಕ್ಸರ್ ಸಪ್ಪಳಾಗ ಕೇಳ್ಸಲಿಲ್ಲ.’

ಸೆಪ್ಟೆಂಬರ್ 20ರಿಂದ ರಜೆ. ಅಕ್ಟೋಬರ್ 8ಕ್ಕೆ ಶಾಲೆ ಶುರು ಅಂತ ಮೊದಲ ಪುಟದಲ್ಲೇ ಇತ್ತು. ಆದರೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನೆಲ್ಲ ಹಾಕಿದರು, ರಜೆ 18ರವರೆಗೆ ಬೆಳೆಯಿತು. ಹೊಸ ತಾರೀಖು ತಿಳಿಸಲು ಮತ್ತೆ ವಾಯ್ಸ್ ಮೆಸೇಜೇ ಕೈ ಹಿಡಿಯಿತು. ರಜೆ ಹೋದ ಹೊಟ್ಟೆಯುರಿ ಇದ್ದರೂ ಸಮೀಕ್ಷೆಯಿಂದ ಒಂದು ಲಾಭ ಆಯಿತು. ನಮ್ಮ ಮಕ್ಕಳ ಮನೆಗಳಿಗೇ ಹೋಗುವ ಅವಕಾಶ ಸಿಕ್ಕಿತು. ತಾಂಡಾದ ಒಂದು ಮನೆಯಲ್ಲಿ ಅಜ್ಜಿಗೆ ಕನ್ನಡ ಅಷ್ಟಾಗಿ ತಿಳಿಯುವುದಿಲ್ಲ. ಮೊಮ್ಮಗಳು ಹಾಳೆ ನೋಡುತ್ತಾ ಲಂಬಾಣಿಯಲ್ಲಿ ಹೇಳುತ್ತಾ ಹೋದಳಂತೆ. ಬೇರೊಂದು ಮನೆಯಲ್ಲಿ ಹಾಳೆಯನ್ನು ತೊಗರಿ ಡಬ್ಬಿಯ ಮುಚ್ಚಳದ ಕೆಳಗೆ ಹಾಸಿದ್ದರು. ಅದೂ ಸರಿಯೇ, ಸುಮ್ನೆ ಬಿಸಾಡಿರಲಿಲ್ಲ.

ಹಾಳೆಯ ಕೆಳಗೆ ಒಂದು ಪಟ್ಟಿ ಬಿಟ್ಟಿದ್ದೆವು. ‘ಮನೆಯವರು ಹೇಳಿದ್ದು’ ಅಂತ. ಓದಿ ಮುಗಿಸಿದ ಮೇಲೆ ದೊಡ್ಡವರು ಏನು ಹೇಳುತ್ತಾರೋ ಅದನ್ನು ಮಗು ಅವರದೇ ಮಾತಿನಲ್ಲಿ ಬರೆದು, ಕತ್ತರಿಸಿ ತರಬೇಕು. ದೀಪಾವಳಿ ಮುಗಿದು ಶಾಲೆ ಶುರುವಾದಾಗ ಪಟ್ಟಿಗಳು ಬರತೊಡಗಿದವು. ‘ಮೊಟ್ಟಿ ದಿನಾ ಕೊಡ್ತಾರಂತ ಗೊತ್ತಿದ್ದಿಲ್ಲ, ಇಂವ ಮನ್ಯಾಗ ಹೇಳೇ ಇಲ್ಲ.’ ‘ಛಲೋ ಅದ, ಅಕ್ಷರ ಸ್ವಲ್ಪ ದೊಡ್ಡವ ಬರೀರಿ.’ ‘ಗಣಿತ ಯಾಕ ಬರಲ್ಲ ಇಕಿಗಿ, ಅದನ್ನ ಹೇಳ್ರಿ.’

ಬರೀ ಹೊಗಳಿಕೆ ಬಂದಿದ್ದರೆ ಈ ಪಟ್ಟಿಯನ್ನು ಮುಂದಿನ ಸಲ ತೆಗೆದುಬಿಡುತ್ತಿದ್ದೆ. ಉಪಯೋಗಕ್ಕೆ ಬಂದದ್ದು ಇನ್ನೊಂದು ಪಟ್ಟಿ. ‘ಸಂಜಿ ಕ್ಲಾಸ್ ಬಿಡೂದ್ರಾಗ ಬಸ್ ಹೋಗಿರ್ತದ. ಹೆಣ್ಣುಡಿಗಿ ಕತ್ಲಾಗ ನಡ್ಕೊಂಡ್ ಬರ್ತಾಳ. ಅದಕ್ಕ ಕಳ್ಸಂಗಿಲ್ಲ.’ ಹತ್ತನೇ ತರಗತಿಯ ವಿಶೇಷ ತರಗತಿಗೆ ತಾಂಡಾದ ಹುಡುಗಿಯರು ಯಾಕೆ ತಪ್ಪಿಸುತ್ತಾರೆ ಅಂತ ನಾವು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಮಾತಾಡಿದ್ದೆವು. ಉತ್ತರ ಎರಡು ಸಾಲಿನಲ್ಲಿ ಬಂತು. ಈಗ ಆ ತರಗತಿಯನ್ನು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಟ್ಟಿದ್ದೇವೆ. ಬೆಳಗಿನ ಬಸ್ಸಿಗೆ ಅವರೆಲ್ಲ ಬರುತ್ತಾರೆ. ಗಣಿತದ ಮೇಡಂಗೆ ಮಾತ್ರ ಮನೆಯಿಂದ ಬೇಗ ಹೊರಡಬೇಕಾಗಿದೆ. ಅದಕ್ಕೆ ನಾನು, ಅವರು ವಾರ ಹಂಚಿಕೊಂಡಿದ್ದೇವೆ.