‘ಹೇಗಿತ್ತು?’ ಅಂತ ಕೇಳೋದು ಬಿಟ್ಟೆ, ನಮ್ಮ ಜೈಲು ಸಿನಿಮಾ ನೆಟ್ಟಗಾಯಿತು

ಕಿರುಚಿತ್ರ ಮಾಡಿದವರೆಲ್ಲ ಕೊನೆಗೆ ಮಾಡುವುದು ಒಂದೇ ಕೆಲಸ. ಲಿಂಕ್ ಕಳಿಸಿ ‘ಹೇಗಿತ್ತು ಹೇಳಿ’ ಅನ್ನುವುದು. ‘ಸೂಪರ್ ಗುರು, ಆರ್‌ಆರ್ (ಹಿನ್ನೆಲೆ ಸಂಗೀತ) ಚೆನ್ನಾಗಿದೆ’ ಅಂತ ಉತ್ತರ ಬರುತ್ತದೆ. ಅದನ್ನು ಇಟ್ಟುಕೊಂಡು ಎಡಿಟಿಂಗ್‌ನಲ್ಲಿ ಒಂದು ಕಟ್ ಕೂಡ ಬದಲಾಯಿಸೋಕಾಗಲ್ಲ. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಸಿನಿಮಾ ನೋಡಿದವರು ಅಭಿಪ್ರಾಯ ಹೇಳುವ ಹಾಗಿಲ್ಲ. ನೋಡದ ಇನ್ನೊಬ್ಬರಿಗೆ ಕಥೆ ಹೇಳಬೇಕು, ಅಷ್ಟೇ. ಅದನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಎಲ್ಲಿ ತಡವರಿಸುತ್ತಾರೋ, ಎಲ್ಲಿ ಹಾರಿಸುತ್ತಾರೋ, ಎಲ್ಲಿ ತಾವೇ ಏನಾದರೂ ಸೇರಿಸುತ್ತಾರೋ ಅಲ್ಲಿ ಎಡಿಟ್ ಟೇಬಲ್ ಮೇಲೆ ಕೈ ಹಾಕುತ್ತೇನೆ.

ನಮ್ಮ ಎಡಿಟರ್ ‘ಇದೇನು ಮಕ್ಕಳ ಪರೀಕ್ಷೆನಾ?’ ಅಂದಿದ್ದ. ಕ್ಯಾಮೆರಾಮನ್ ‘ಜನರ ಮಾತು ಕೇಳ್ತಾ ಹೋದ್ರೆ ಸಿನಿಮಾ ನಮ್ಮದಾಗಿ ಉಳಿಯಲ್ಲ’ ಅಂದಿದ್ದ. ಈಗ ಇಬ್ಬರೂ ತಮ್ಮ ತಮ್ಮ ಸಿನಿಮಾಗಳಿಗೆ ಇದನ್ನೇ ಮಾಡುತ್ತಿದ್ದಾರೆ.

ಕಥೆ ಇಷ್ಟು. ಮುಂದೆಂದೋ ಒಂದು ಕಾಲದ ಜೈಲು. ಸನ್ನಡತೆ ನೋಡಿ ಬಿಡುಗಡೆ ಮಾಡುವುದು ನಮ್ಮಲ್ಲಿದೆಯಲ್ಲ, ಅಲ್ಲಿ ಸನ್ನಡತೆ ಅಳೆಯುವುದು ಯಂತ್ರ. ಅದು ಕೈದಿಯ ಕನಸು ನೋಡುತ್ತದೆ. ಕೆಟ್ಟ ಕನಸು ಬಿದ್ದರೆ ಶಿಕ್ಷೆಗೆ ಇನ್ನಷ್ಟು ದಿನ ಸೇರುತ್ತದೆ. ಅವನು ನಿದ್ದೆ ಮಾಡುವುದನ್ನೇ ಬಿಡುತ್ತಾನೆ. ಮೊದಲ ಸಲ ಎಡಿಟ್ ಮಾಡಿದಾಗ ಸಿನಿಮಾ ಸುಮಾರು 14 ನಿಮಿಷ ಇತ್ತು.

ನಿಜವಾದ ಜೈಲಿನಲ್ಲಿ ಶೂಟ್ ಮಾಡಲು ಅನುಮತಿಗೆ ಓಡಾಡುವ ಶಕ್ತಿ ನಮಗಿರಲಿಲ್ಲ. ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಹೋಗಿ ಗೋಡೆ, ಕಾವಲು ಗೋಪುರ, ಬ್ಯಾರಕ್ ಎಲ್ಲ ಕಣ್ಣಳತೆಯಲ್ಲೇ ಹಿಡಿದುಕೊಂಡು ಬಂದೆ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಹಳೇ ಸೆಂಟ್ರಲ್ ಜೈಲು ಅದು. 2008ರಲ್ಲಿ ಪಾರ್ಕ್ ಆಯಿತು. ಆಮೇಲೆ ಪೀಣ್ಯದ ಒಂದು ಖಾಲಿ ಶೆಡ್‌ನಲ್ಲಿ ಪ್ಲೈವುಡ್ ಸೆಲ್ ಕಟ್ಟಿದೆವು. ಸೆಟ್‌ಗೆ 40 ಸಾವಿರದ ಹತ್ತಿರ ಹೋಯಿತು. ಕ್ಯಾಮೆರಾ, ಲೈಟು, ಊಟ, ಡಬ್ಬಿಂಗ್ ಎಲ್ಲ ಸೇರಿ ಒಟ್ಟು ಒಂದೂಮುಕ್ಕಾಲು ಲಕ್ಷ ಅಂತ ನೆನಪು.

ದುಡ್ಡು ದಂಡವಾಗಿದ್ದು ಪ್ರಿವ್ಯೂ ಶೋನಲ್ಲಿ. ಬಾಡಿಗೆ ಥಿಯೇಟರ್, ಕಾಫಿ, ಬೋಂಡಾ ಅಂತ ಹತ್ತು ಸಾವಿರದ ಆಸುಪಾಸು. ಬಂದವರೆಲ್ಲ ನಮ್ಮ ಲೈನಿನವರೇ. ಲೆನ್ಸ್ ಯಾವುದು, ಡಿಐ (ಬಣ್ಣ ತಿದ್ದುವ ಕೆಲಸ) ಎಲ್ಲಿ ಮಾಡಿಸಿದ್ರಿ ಅಂತ ಕೇಳಿದರು. ಕೈದಿಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಅದಕ್ಕೂ ಮುಂಚೆ ಗೂಗಲ್ ಫಾರ್ಮ್ ಕಳಿಸಿದ್ದೆ. ತುಂಬಿದವರು ಕೆಲವರು, ಅವರೆಲ್ಲ ಕೊಟ್ಟಿದ್ದು ಐದಕ್ಕೆ ನಾಲ್ಕು.

ಆಮೇಲೆ ನಮ್ಮ ಬೀದಿಯ ಯೋಗ ಕ್ಲಾಸಿನ ಹಾಲ್ ಸಂಜೆ ಹೊತ್ತು ಕೇಳಿ ಪಡೆದೆ. ಮನೆಯ ಟಿವಿಯನ್ನೇ ಹೊತ್ತುಕೊಂಡು ಹೋದೆ. ಟೀ, ಮಂಡಕ್ಕಿ ಸೇರಿ ಒಂದು ಶೋಗೆ ಮುನ್ನೂರು ನಾನ್ನೂರು ರೂಪಾಯಿ. ತಿಂಡಿ ಕೊಡೋದು ಕಥೆ ಹೇಳಿದ ಮೇಲೆ. ಮೊದಲೇ ಕೊಟ್ಟರೆ ಜನ ಹೊಗಳೋಕೆ ಶುರು ಮಾಡುತ್ತಾರೆ.

ಪಕ್ಕದ ಮನೆಯ ಅಜ್ಜಿ ಮೊಮ್ಮಗಳಿಗೆ ಹೇಳಿದ್ದು ಹೀಗೆ: ‘ಪಾಪ, ಒಬ್ಬ ಹುಡುಗನ್ನ ಜೈಲಿಗೆ ಹಾಕಿರ್ತಾರೆ ಕಣೇ. ಚಿಂತೆಗೆ ಅವನಿಗೆ ನಿದ್ದೇನೇ ಹತ್ತಲ್ಲ.’ ಯಂತ್ರವೇ ಇಲ್ಲ! ಕಾಲೇಜು ಹುಡುಗರ ಬಾಯಲ್ಲೂ ಯಂತ್ರ ತೊದಲುತ್ತಿತ್ತು. ‘ಅದೇನೋ ಒಂದು ಸೌಂಡ್ ಬರುತ್ತೆ...’ ಅಂತ ನಿಲ್ಲುತ್ತಿದ್ದರು. ನಮ್ಮಲ್ಲಿ ಯಂತ್ರ ಬರೀ ದನಿಯಾಗಿತ್ತು. ಪ್ಯಾಚ್ ವರ್ಕ್‌ಗೆ, ಅಂದರೆ ಬಿಟ್ಟುಹೋದ ಶಾಟ್ ತೆಗೆಯೋಕೆ, ಮತ್ತೆ ಶೆಡ್ ಬಾಗಿಲು ತೆಗೆಸಿ ಗೋಡೆ ಮೇಲೆ ಉಳಿದ ದಿನಗಳ ಅಂಕಿ ಕೂರಿಸಿದೆ. ಅವನು ಕಣ್ಣು ಮುಚ್ಚುವಾಗ 412, ಬೆಚ್ಚಿ ಎದ್ದಾಗ 419. ಮುಂದಿನ ಶೋಗಳಲ್ಲಿ ಎಲ್ಲರ ಕಥೆಯೂ ಆ ಗೋಡೆಯಿಂದಲೇ ಶುರುವಾಯಿತು. ಮೊದಲು ಕನ್ನಡ ಅಂಕಿಯನ್ನೇ ಹಾಕಿಸಿದ್ದೆ, ನನಗೆ ಬಲು ಇಷ್ಟ. ಆದರೆ ಹುಡುಗರು ಓದಲು ತಡಮಾಡಿದರು, ಅಷ್ಟರಲ್ಲಿ ಶಾಟ್ ಮುಗಿದಿರುತ್ತಿತ್ತು. ಬೇಜಾರಿನಿಂದಲೇ ಬದಲಾಯಿಸಿದೆ.

ಈ ವಿಧಾನದ ನಿಜವಾದ ಬೆಲೆ ಗೊತ್ತಾಗಿದ್ದು ವಿಚಾರಣಾಧೀನ ಕೈದಿಯಾಗಿ ಕೆಲವು ತಿಂಗಳು ಒಳಗಿದ್ದು ಬಂದ ಒಬ್ಬರಿಂದ. ಅವರು ಗೆಳೆಯನಿಗೆ ಕಥೆ ಹೇಳುತ್ತಾ ‘ರಾತ್ರಿ ಲೈಟ್ ಆರುತ್ತೆ, ಕತ್ತಲಾಗುತ್ತೆ’ ಅನ್ನುವಲ್ಲಿ ಗಕ್ಕನೆ ನಿಂತರು. ನನ್ನ ಕಡೆ ತಿರುಗಿ, ‘ಸಾರ್, ಒಳಗಡೆ ಲೈಟ್ ಆರಿಸೋದೇ ಇಲ್ಲ. ಮುಖದ ಮೇಲೆ ಟವೆಲ್ ಹಾಕ್ಕೊಂಡು ಮಲಗ್ತಿದ್ವಿ’ ಅಂದರು. ‘ಹೇಗಿತ್ತು’ ಅಂತ ಕೇಳಿದ್ದರೆ ‘ಚೆನ್ನಾಗಿದೆ ಸಾರ್’ ಅಂದು ಎದ್ದು ಹೋಗಿರೋರು, ಅಲ್ವಾ? ಕತ್ತಲ ಸೀನೆಲ್ಲ ಕಿತ್ತು ಹಾಕಿ, ಬಿಳಿ ಟ್ಯೂಬ್‌ಲೈಟ್ ಕೆಳಗೆ ಮತ್ತೆ ತೆಗೆದೆವು. ಮುಖದ ಮೇಲೆ ಒದ್ದೆ ಟವೆಲ್, ಬಾಯಿ ಇರುವ ಕಡೆ ಬಟ್ಟೆ ಮೇಲೇಳುತ್ತದೆ, ಒಳಗೆ ಹೋಗುತ್ತದೆ. ನಿದ್ದೆ ಬಂತಾ ಇಲ್ಲವಾ ಯಂತ್ರಕ್ಕೂ ಗೊತ್ತಾಗಲ್ಲ, ನೋಡುವವರಿಗೂ ಗೊತ್ತಾಗಲ್ಲ. ಈ ಸಿನಿಮಾ ನೋಡಿದವರು ಆ ಶಾಟ್ ಬಿಟ್ಟು ಕಥೆ ಹೇಳಿದ್ದೇ ಇಲ್ಲ. ರೀಶೂಟ್‌ಗೆ ಇಪ್ಪತ್ತು ಸಾವಿರ ಚಿಲ್ಲರೆ ಹೋಯಿತು. ಹೋಗಲಿ ಬಿಡಿ, ಒಂದೊಂದು ರೂಪಾಯಿಯೂ ಸಾರ್ಥಕ.

ನಿವೃತ್ತ ವಾರ್ಡರ್ ಒಬ್ಬರೂ ನೋಡಿದರು. ಅವರು ತಮ್ಮ ಮಗನಿಗೆ ಕಥೆ ಹೇಳುವಾಗ, ಸಂಜೆ ಬಾಗಿಲು ಹಾಕುವ ಮುಂಚಿನ ಎಣಿಕೆಯನ್ನು ತಾವೇ ಸೇರಿಸಿಬಿಟ್ಟರು. ನಮ್ಮ ಸಿನಿಮಾದಲ್ಲಿ ಎಣಿಕೆ ಇರಲೇ ಇಲ್ಲ. ಎಷ್ಟು ಸಹಜವಾಗಿ ಸೇರಿಸಿದರೆಂದರೆ, ನಾನೂ ಡಬ್ಬಿಂಗ್‌ನಲ್ಲಿ ಒಂದು ದನಿ ಸೇರಿಸಿದೆ: ‘ಒಂದು, ಎರಡು, ಮೂರು...’ ಖರ್ಚು ಸೊನ್ನೆ.

ನಡುವೆ ಸುಮ್ನೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚಿತ್ರ ಮುಚ್ಚಿ ಬರೀ ಆಡಿಯೊ ಕೇಳಿಸಿದೆ. ಸಂಗೀತ ಜಾಸ್ತಿಯಾಗಿದ್ದು ಅಲ್ಲೇ ಗೊತ್ತಾಯಿತು, ಅರ್ಧಕ್ಕರ್ಧ ತೆಗೆಸಿದೆ. ಕತ್ತಲ ಹಾಲ್‌ನಲ್ಲಿ ಹಿಂದೆ ಕೂತು ಯಾರ ಫೋನ್ ಯಾವಾಗ ಬೆಳಗುತ್ತದೆ ಅಂತ ಬರೆದುಕೊಂಡೆ. ಆರನೇ ನಿಮಿಷದ ಹತ್ತಿರ ಮೂರ್ನಾಲ್ಕು ಫೋನ್ ಒಟ್ಟಿಗೆ ಬೆಳಗುತ್ತಿದ್ದವು. ಅಲ್ಲಿದ್ದ ಜೈಲರ್ ಭಾಷಣ ಕತ್ತರಿಸಿದ್ದಕ್ಕೇ ಸಿನಿಮಾ ಹನ್ನೊಂದೂವರೆ ನಿಮಿಷಕ್ಕೆ ಇಳಿಯಿತು. ತಮಿಳು ಮನೆಮಾತಿನವರಿಗೆ ಸಬ್‌ಟೈಟಲ್ ಇಲ್ಲದೆ ತೋರಿಸಿದ್ದರ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಎರಡು ಗುಟ್ಟು ಮಾತ್ರ ಸದ್ಯ ನನ್ನಲ್ಲೇ ಇರಲಿ. ಕಥೆ ಕೇಳುವವರನ್ನು ಹೇಗೆ ಆರಿಸಬೇಕು ಅನ್ನುವುದು ಒಂದು. ಮಾತು ನಿಂತಾಗ ನಾನು ಕೇಳುವ ಒಂದೇ ಒಂದು ಪ್ರಶ್ನೆ ಇನ್ನೊಂದು. ಮುಂದಿನ ಸಿನಿಮಾ ಮುಗಿಯಲಿ, ಹೇಳುತ್ತೇನೆ.

ಕೊನೆಯ ಶಾಟ್ ಬಗ್ಗೆ ಎಡಿಟರ್ ಈಗಲೂ ಜಗಳ ಆಡುತ್ತಾನೆ. ಗೋಡೆಯ ಅಂಕಿ 0 ಆಗುತ್ತದೆ. ಅರ್ಧ ಜನ ‘ಬಿಡುಗಡೆ ಆಯ್ತು’ ಅಂತ ಹೇಳುತ್ತಾರೆ, ಉಳಿದವರು ‘ಸತ್ತ’ ಅನ್ನುತ್ತಾರೆ. ಉಸಿರಿನ ಸದ್ದು ಹಾಕಿ ಖಚಿತ ಮಾಡೋಣ ಅನ್ನುವುದು ಅವನ ವಾದ. ಆದರೆ ರೆಕಾರ್ಡಿಂಗ್ ಕೇಳಿ ನೋಡಿ, ಅಲ್ಲಿ ಯಾರೂ ತಡವರಿಸಿಲ್ಲ. ಎರಡೂ ಕಡೆಯವರು ಕಣ್ಣಾರೆ ಕಂಡ ಹಾಗೆ ಹೇಳಿದ್ದಾರೆ. ಆ ಶಾಟ್ ಹಾಗೇ ಲಾಕ್ ಮಾಡಿದ್ದೇನೆ.