ಕಾಫಿ ಕಟ್ಟಿಗೆಯ ರಿವಾಲ್ವರ್: ನನ್ನ ಅನುಭವ

ಕೋವಿ ನಮ್ಮ ಕಡೆ ಮನೆ ಸಾಮಾನಿನ ಹಾಗೆ. ಆಲ್ದೂರಿನ ಹತ್ತಿರ ಅಜ್ಜನ ತೋಟದ ಮನೆಯಲ್ಲಿ ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜ ಎಂಬ ಉದ್ದ ಕೋಲಿನಲ್ಲಿ ಜಡಿದು, ಹಿಂದೆ ಮದ್ದಿಗೆ ಕಿಡಿ ಕೊಡುವ ಸಣ್ಣ ಟೋಪಿ, ಅಂದರೆ ಕೇಪು, ಕೂರಿಸುವ ಹಳೇ ಕಾಲದ್ದು. ಆಯುಧ ಪೂಜೆ ದಿನ ಕತ್ತಿ, ಗುದ್ದಲಿ, ಗರಗಸದ ಸಾಲಿನಲ್ಲಿ ಅದಕ್ಕೂ ಸೇವಂತಿಗೆ ಹೂವು. ಚುನಾವಣೆ ಬಂದರೆ ಅಜ್ಜ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುತ್ತಿದ್ದರು. ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆದಾಗ ಬರುತ್ತಿದ್ದ 'ಟಕ್' ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ನನ್ನ ಹುಚ್ಚು ಹತ್ತಿದ್ದು ಆ ಸದ್ದಿನಿಂದಲೇ.

ದೊಡ್ಡವನಾದ ಮೇಲೆ ಅದೇ ಕೇಪಿನ ಕಾಲದ ರಿವಾಲ್ವರುಗಳ ಬಗ್ಗೆ ಓದತೊಡಗಿದೆ. ಹೊರದೇಶಗಳಲ್ಲಿ ಇವುಗಳ ನಕಲು ಮಾಡುವುದು ದೊಡ್ಡ ಹವ್ಯಾಸ. ಇಟಲಿಯ ಬ್ರೆಷಿಯಾ ಕಡೆಯ ಕಾರ್ಖಾನೆಗಳು 1950ರ ದಶಕದ ಕೊನೆಯಿಂದ ಕಾಲ್ಟ್ ನೇವಿ ರಿವಾಲ್ವರಿನ ನಕಲುಗಳನ್ನು ಮಾಡುತ್ತಿವೆ. ಬಿಡಿಭಾಗ ತರಿಸಿಕೊಂಡು ಮನೆಯಲ್ಲೇ ಜೋಡಿಸುವವರೂ ಇದ್ದಾರೆ. ನಮ್ಮಲ್ಲಿ ಅದು ಆಗುವ ಮಾತಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಮಾಡುವುದಷ್ಟೇ ಅಲ್ಲ, ರಿಪೇರಿ ಮಾಡುವುದೂ ಅಪರಾಧ. ಹಾಗಾಗಿ ನಾನು ಮರದಲ್ಲಿ ಮಾಡುತ್ತೇನೆ. ನನ್ನ ನಳಿಗೆಗೆ ತೂತೇ ಇಲ್ಲ, ಪೂರ್ತಿ ಗಟ್ಟಿ. ಬಾಯಿಯ ಹತ್ತಿರ ನೋಟಕ್ಕೆ ಸುಮ್ನೆ ಒಂದು ಗುಳಿ ತೆಗೆದಿದ್ದೇನೆ, ಅಷ್ಟೇ. ಮದ್ದು ಗುಂಡು ಕೂರುವ, ತಿರುಗುವ ಸಿಲಿಂಡರಿನ ಆರು ಕೋಣೆಗಳೂ ಹಾಗೇ.

ಮರದಲ್ಲಿ ಮಾಡಿದರೆ ಆಟಿಕೆ ಅಂತ ಕೆಲವರಿಗೆ ಅನಿಸಬಹುದು. ಆದರೆ ಈ ಯಂತ್ರ ಹುಟ್ಟಿದ್ದೇ ಮರದಲ್ಲಿ. ರಿವಾಲ್ವರಿಗೆ ಹೆಸರಾದ ಅಮೆರಿಕದ ಸ್ಯಾಮ್ಯುಯೆಲ್ ಕಾಲ್ಟ್ 1830ರಲ್ಲಿ, ತನ್ನ ಹದಿನಾರನೇ ವಯಸ್ಸಿನಲ್ಲಿ, ಕಾರ್ವೋ ಎಂಬ ಹಡಗು ಹತ್ತಿ ಬಾಸ್ಟನ್ನಿನಿಂದ ಹೊರಟ. ಹೋಗುತ್ತಿದ್ದದ್ದು ನಮ್ಮ ಕಲ್ಕತ್ತೆಗೆ! ಆ ಪ್ರಯಾಣದಲ್ಲೇ ಅವನು ಚಾಕುವಿನಿಂದ ಕೆತ್ತಿ ತಿರುಗುವ ಸಿಲಿಂಡರಿನ ಮಾದರಿ ಮಾಡಿದ. ಹಡಗಿನ ಚುಕ್ಕಾಣಿ ಚಕ್ರ ನೋಡಿ ಹೊಳೆಯಿತು ಅಂತ ಕೆಲವರು, ಹಗ್ಗ ಸುತ್ತುವ ರಾಟೆ ನೋಡಿ ಅಂತ ಇನ್ನು ಕೆಲವರು ಹೇಳುತ್ತಾರೆ. ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಆರಿಸಿಕೊಂಡದ್ದು 1851ರ ನೇವಿ ಮಾದರಿ. ಎಂಟು ಮೂಲೆಯ ನಳಿಗೆ, ಏಳೂವರೆ ಇಂಚು ಉದ್ದ. ಸಿಲಿಂಡರಿನ ಮೇಲೆ ಪೂರ್ತಿ ಬಿಚ್ಚು, ಚೌಕಟ್ಟಿನ ಪಟ್ಟಿ ಅಡ್ಡ ಬರುವುದಿಲ್ಲ. ನಳಿಗೆಯನ್ನು ಹಿಡಿದಿಡುವುದು ಒಂದೇ ಒಂದು ಬೆಣೆ. ಬೆಣೆ ಹೊಡೆದರೆ ಗಟ್ಟಿ, ತೆಗೆದರೆ ಇಡೀ ರಿವಾಲ್ವರ್ ಮೂರು ತುಂಡಾಗಿ ಕೈಗೆ ಬರುತ್ತದೆ. ಎತ್ತಿನ ಗಾಡಿ, ನೇಗಿಲು ಕಂಡವರಿಗೆ ಬೆಣೆ ಹೊಸದಲ್ಲ, ಅಲ್ವಾ?

ಕಷ್ಟ ಇರುವುದು ಒಳಗೆ. ಕುದುರೆಯ ಬುಡಕ್ಕೆ ಒಂದು ಸಣ್ಣ ಕಡ್ಡಿ ಜೋಡಿಸಿರುತ್ತದೆ, ಅದಕ್ಕೆ 'ಕೈ' ಅನ್ನುತ್ತೇನೆ. ಕುದುರೆ ಹಿಂದಕ್ಕೆ ಬಂದಂತೆ ಈ ಕೈ ಮೇಲೇಳುತ್ತದೆ. ಸಿಲಿಂಡರಿನ ಹಿಂಬದಿಯ ಹಲ್ಲಿಗೆ ತಾಗಿ ಅದನ್ನು ತಿರುಗಿಸುತ್ತದೆ. ಆರು ಕೋಣೆ, ಹಾಗಾಗಿ ಒಂದು ಎಳೆತಕ್ಕೆ 60 ಡಿಗ್ರಿ. ಕೆಳಗೆ ಒಂದು ಚಿಲಕ ಇದೆ. ಎಳೆತ ಶುರುವಾದ ಕೂಡಲೇ ಚಿಲಕ ಕೆಳಗಿಳಿದು ಸಿಲಿಂಡರನ್ನು ಬಿಡಬೇಕು. ಕುದುರೆ ಪೂರ್ತಿ ಹಿಂದೆ ಬಂದು ನಿಲ್ಲುವ ಹೊತ್ತಿಗೆ ಸಿಲಿಂಡರಿನ ಮೈಮೇಲಿನ ಮುಂದಿನ ಗುಳಿಯಲ್ಲಿ ಬಂದು ಕೂರಬೇಕು. ಚಿಲಕ ಬೇಗ ಎದ್ದರೆ ಸಿಲಿಂಡರಿನ ಮೈ ಗೀರುತ್ತದೆ. ತಡವಾದರೆ ಸಿಲಿಂಡರ್ ಗುಳಿ ದಾಟಿ ಮುಂದೆ ಹೋಗಿಬಿಡುತ್ತದೆ. ಈ ಒಂದು ಹೊಂದಾಣಿಕೆಗೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಕೆಲಸ ಎಲ್ಲಾ ಸಣ್ಣ ಅರದಲ್ಲಿ. ಎರಡು ಸಲ ಉಜ್ಜುವುದು, ಜೋಡಿಸಿ ನೋಡುವುದು, ಮತ್ತೆ ಬಿಚ್ಚುವುದು. ಜಾಸ್ತಿ ಉಜ್ಜಿದರೆ ಕೈ ಗಿಡ್ಡವಾಗಿ ಸಿಲಿಂಡರ್ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಹೊಸದೇ ಮಾಡಬೇಕು. ಹಾಗೆ ಹನ್ನೊಂದು ಕೈ ಮಾಡಿದೆ. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಸಿಲಿಂಡರಿನ ಸುತ್ತನ್ನು ಆರು ಭಾಗ ಮಾಡಲು ನಾನು ಕೋನಮಾಪಕ ಬಳಸಲಿಲ್ಲ. ಶಾಲೆಯಲ್ಲಿ ಕಲಿತದ್ದೇ ಸಾಕು. ಕೈವಾರದಲ್ಲಿ ವೃತ್ತ ಎಳೆದು, ಕೈವಾರವನ್ನು ಅಲ್ಲಾಡಿಸದೆ ಅದೇ ಅಳತೆಯಲ್ಲಿ ಅಂಚಿನ ಮೇಲೆ ಹೆಜ್ಜೆ ಇಟ್ಟರೆ ಸರಿಯಾಗಿ ಆರಕ್ಕೆ ಮುಗಿಯುತ್ತದೆ. ಪೆನ್ಸಿಲ್ ಬದಲು ಸೂಜಿ ಮೊನೆಯಲ್ಲಿ ಗುರುತು ಹಾಕಬೇಕು. ಪೆನ್ಸಿಲ್ ಗೆರೆಯ ದಪ್ಪವೇ ಆರನೇ ಗುಳಿಯ ಹೊತ್ತಿಗೆ ತಪ್ಪಾಗಿ ನಿಲ್ಲುತ್ತದೆ.

ಮೊದಲ ಸಿಲಿಂಡರನ್ನು ಹಲಸಿನಲ್ಲಿ ಮಾಡಿದ್ದೆ. ಬಣ್ಣ ಚೆನ್ನ, ಕೆತ್ತಲೂ ಸುಲಭ. ಬೇಸಿಗೆಯಲ್ಲಿ ಚೆನ್ನಾಗಿ ತಿರುಗುತ್ತಿತ್ತು. ಜುಲೈಯಲ್ಲಿ ಎತ್ತಿಕೊಂಡರೆ ಅಲ್ಲಾಡುತ್ತಿಲ್ಲ. ನಮ್ಮ ಮಳೆ ಗೊತ್ತಲ್ಲ, ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ. ಬಿಚ್ಚಿ ವರ್ನಿಯರ್ ಅಳತೆಗೋಲು ಇಟ್ಟು ನೋಡಿದೆ. ಒಂದು ಕಡೆ 40 ಮಿ.ಮೀ., ಅಡ್ಡಕ್ಕೆ ಅಳೆದರೆ ಹತ್ತಿರ ಹತ್ತಿರ 41. ದುಂಡಗಿದ್ದದ್ದು ಮೊಟ್ಟೆಯಾಗಿತ್ತು. ಅದನ್ನು ನಮ್ಮ ಊರಿನ ಆಚಾರ್ರಿಗೆ ಒಯ್ದು ತೋರಿಸಿದೆ. ಅವರು ಕನ್ನಡಕ ಏರಿಸಿ ತುದಿಯ ಗೆರೆಗಳನ್ನು ನೋಡಿದರು.

"ಹಲಗೆಯಿಂದ ತೆಗೆದಿದ್ದೀರಿ ಗೌಡ್ರೇ. ಮರ ಎಲ್ಲಾ ಕಡೆ ಒಂದೇ ಸಮ ಉಬ್ಬಲ್ಲ. ವರ್ಷದ ಗೆರೆ ಹೋದ ಕಡೆಗೆ ಜಾಸ್ತಿ. ತಿರುಳು ನಡುವಿಗೆ ಬರೋ ಹಾಗೆ ದುಂಡು ಕೊಂಬೆ ತಗೊಳ್ಳಿ, ಉಬ್ಬಿದರೂ ದುಂಡಗೇ ಉಬ್ಬುತ್ತೆ."

ಆ ಮಾತಿಗೆ ನಾನು ಅವರಿಗೆ ಎಂದೆಂದಿಗೂ ಋಣಿ. ದುಂಡು ಕಟ್ಟಿಗೆ ಹುಡುಕಲು ದೂರ ಹೋಗಬೇಕಿರಲಿಲ್ಲ. ಆ ವರ್ಷ ಹಳೆಯ ಅರೇಬಿಕಾ ಗಿಡ ಕಿತ್ತು ಹೊಸದು ಹಾಕುತ್ತಿದ್ದೆವು. ಕಾಫಿ ಕಟ್ಟಿಗೆ ಬಲು ಗಟ್ಟಿ, ಎಳೆ ತುಂಬಾ ನುಣುಪು. ಊರುಗೋಲು, ಟೀಪಾಯಿ ಕಾಲು ಮಾಡಲು ಅದನ್ನು ಒಯ್ಯುತ್ತಾರೆ. ದಪ್ಪ ಬುಡ ಆರಿಸಿ, ತುಂಡು ಮಾಡಿ, ಎರಡು ತುದಿಗೂ ಕರಗಿಸಿದ ಮೇಣ ಬಳಿದೆ. ತುದಿಯಿಂದ ನೀರು ಬೇಗ ಆರಿದರೆ ಬಿರುಕು ಬಿಡುತ್ತದೆ, ಮೇಣ ಅದನ್ನು ತಡೆಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಎರಡು ವರ್ಷ ಇಟ್ಟೆ. ಹನ್ನೆರಡು ತುಂಡಿನಲ್ಲಿ ಏಳು ಸೀಳಿದವು, ಐದು ಉಳಿದವು. ಸಿಲಿಂಡರಿನ ನಡುವೆ ಕಂಬಿ ಹೋಗಲು ಹೇಗೂ ತೂತು ಬೇಕು. ಆ ತೂತಿನಲ್ಲೇ ತಿರುಳು ಹೋಗಿಬಿಡುತ್ತದೆ. ತಿರುಳು ಹೋದ ಮೇಲೆ ಬಿರುಕಿನ ಭಯವೂ ಕಡಿಮೆ. ಲೇತ್ ಕೆಲಸ ಮಾತ್ರ ಚಿಕ್ಕಮಗಳೂರು ಪೇಟೆಯಲ್ಲಿ ಮಾಡಿಸಿದೆ. ಈ ಸಿಲಿಂಡರ್ ಮೂರು ಮಳೆಗಾಲ ಕಂಡಿದೆ. ಆಗಸ್ಟಿನಲ್ಲೂ ತಿರುಗುತ್ತದೆ, ಸ್ವಲ್ಪ ಬಿಗಿಯಾಗುತ್ತದೆ ಅಷ್ಟೇ.

ಹಿಡಿ ಮಾಡಿದ್ದು ಮನೆಯ ಮುರಿದ ಮಂಚದ ಬೀಟೆ ಕಾಲಿನಲ್ಲಿ. ಟ್ರಿಗರ್ ಸುತ್ತಿನ ಬಳೆ ಹಿತ್ತಾಳೆ ಪಟ್ಟಿಯದು. ಕುದುರೆಯ ಸ್ಪ್ರಿಂಗ್ ಬಿದಿರಿನ ಸೀಳು, ಅದು ಮಣಿದು ಮಣಿದು ಸೋಲುತ್ತದೆ. ಹಾಗಾಗಿ ವರ್ಷಕ್ಕೊಂದು ಬದಲಾಯಿಸುತ್ತೇನೆ. ಮೈಗೆ ಅಗಸೆ ಎಣ್ಣೆ, ತೆಳುವಾಗಿ ನಾಲ್ಕು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಾನು ತಂತಿಯ ಮೇಲೆ ಹರಡಿ ಒಣಗಿಸುತ್ತೇನೆ.

ಈಗ ನಳಿಗೆಯ ಕೆಳಗಿನ ಜಡಿಯುವ ಸನ್ನೆಕೋಲು ಮಾಡುತ್ತಿದ್ದೇನೆ. ಅಜ್ಜನ ಕೋವಿಯಲ್ಲಿ ಗಜ ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಆ ಸನ್ನೆಕೋಲು ಮಾಡುತ್ತದೆ. ಉಳಿದ ಕಾಫಿ ತುಂಡು ಇನ್ನು ಎರಡೇ.